ಮೊಫಜ್ಜಲ್ ಮಾಸ್ತರರ ‘ಏಮ್’

ನದಿ ದಂಡೆಯ ಊರಾದ ಗಲಾಚಿಪಾದ ನಮ್ಮ ಹೈಸ್ಕೂಲಿನಲ್ಲಿ ಮೊಫಜ್ಜಲ್ ಮಾಸ್ತರರು ಇಂಗ್ಲಿಷ್ ಕಲಿಸುತ್ತಿದ್ದರು, ನಾನು ಗಣಿತ. ಪರೀಕ್ಷೆಗೆ ‘ಏಮ್ ಇನ್ ಲೈಫ್’ ಪ್ರಬಂಧ ಬಂದೇ ಬರುತ್ತದೆಂದು ಅವರು ವರ್ಷವರ್ಷವೂ ಅದನ್ನು ಬಾಯಿಪಾಠ ಮಾಡಿಸುತ್ತಿದ್ದರು: ಡಾಕ್ಟರಾಗಿ ಹಳ್ಳಿಯ ಬಡವರ ಸೇವೆ ಮಾಡುವುದೇ ನನ್ನ ಜೀವನದ ಗುರಿ. ಬೆಸ್ತರ ಮಕ್ಕಳು, ದರ್ಜಿಯ ಮಕ್ಕಳು, ಎಲ್ಲರೂ ಅದನ್ನೇ ಬರೆದು ಪಾಸಾಗುತ್ತಿದ್ದರು.

ಒಂದು ಮಳೆಗಾಲದಲ್ಲಿ ಲಾಂಚ್ ದೋಣಿಗಳು ನಿಲ್ಲುವ ಘಾಟಿನ ಪಾಚಿಯ ಮೇಲೆ ಜಾರಿ ಮಾಸ್ತರರ ಕಾಲು ಮುರಿಯಿತು. ಸೈಕಲ್ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದೆ. ಅಲ್ಲಿದ್ದ ಡಾಕ್ಟರು ವರ್ಗವಾಗಿ ಹೋದಮೇಲೆ ಬೇರೆಯವರು ಬಂದೇ ಇರಲಿಲ್ಲ. ವಾರ್ಡಿನ ಆಳು ಲುತ್ಫರ್, ಮಾಸ್ತರರ ಹಳೆಯ ಶಿಷ್ಯ, ಕಾಲಿಗೆ ಹಲಗೆ ಇಟ್ಟು ಪಟ್ಟಿ ಕಟ್ಟಿದ. ಇಷ್ಟು ದೊಡ್ಡ ಊರಿಗೆ ಒಬ್ಬ ಡಾಕ್ಟರಿಲ್ಲವೇ ಎಂದು ಮಾಸ್ತರರು ನೋವಿನಲ್ಲಿ ಗೊಣಗಿದರು.

“ನಾವೆಲ್ಲ ಡಾಕ್ಟರ್ ಅಂತಲೇ ಬರೆದಿದ್ವಲ್ಲ ಸಾರ್,” ಎಂದು ಲುತ್ಫರ್ ನಕ್ಕ. “ನಾನೊಬ್ಬ ಮೊದ್ಲು ಲಾಂಚ್ ನಡೆಸ್ತೀನಿ ಅಂತ ಬರೆದಿದ್ದೆ. ನೀವು ಬೆಂಚ್ ಮೇಲೆ ನಿಲ್ಲಿಸಿ, ಎಲ್ಲರ ಕೈಲೂ ಲಾಂಚಿನ ಹಾರ್ನ್ ಥರ ಭೋಂ ಅಂತ ಕೂಗಿಸಿದ್ರಿ. ಊರಲ್ಲಿ ಈಗ್ಲೂ ನನ್ನನ್ನ ‘ಲಾಂಚ್’ ಅಂತಲೇ ಕರೀತಾರೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಾಸ್ತರರಿಗೆ ಆ ಸಂಗತಿ ನೆನಪೇ ಇರಲಿಲ್ಲ. ಆ ಅಡ್ಡಹೆಸರನ್ನು ಮಾತ್ರ ಅವರೂ ಎಷ್ಟೋ ಸಲ ಕೂಗಿದ್ದರು. ಅದು ತಮ್ಮಿಂದಲೇ ಹುಟ್ಟಿದ್ದೆಂದು ಗೊತ್ತಾದಾಗ ಗೋಡೆಯತ್ತ ಮುಖ ತಿರುಗಿಸಿಕೊಂಡರು.

ಊರುಗೋಲು ಹಿಡಿದು ಶಾಲೆಗೆ ಬಂದ ದಿನವೇ ತರಗತಿಯಲ್ಲಿ ಏಮ್ ಅಂದರೇನೆಂದು ಕೇಳಿದರು. ಅವರನ್ನು ಕೈಹಿಡಿದು ಕರೆತಂದ ನಾನು ಬಾಗಿಲಲ್ಲೇ ನಿಂತಿದ್ದೆ. ತಹಮಿನಾ ಎಂಬ ಹುಡುಗಿ ಎದ್ದಳು.

“ಹತ್ತು ಮಾರ್ಕಿನ ಪ್ರಬಂಧ, ಸಾರ್.”

ಯಾರೂ ನಗಲಿಲ್ಲ. ಅವರೆಲ್ಲರಿಗೂ ಅದೇ ಅರ್ಥ. ಮರಕ್ಕೆ ಕಲ್ಲು ಎಸೆಯುವಾಗ ಒಂದು ಕಣ್ಣು ಮುಚ್ಚಿ ಯಾವ ಹಣ್ಣು ನೋಡುತ್ತೀರೋ ಅದು ಏಮ್ ಎಂದು ಮಾಸ್ತರರು ವಿವರಿಸಿದರು. ನಿಮಗೆ ಬೇಕಾದ್ದನ್ನೇ ಬರೆಯಿರಿ ಎಂದರು. ಮಕ್ಕಳು ಪೆನ್ನು ಹಿಡಿದು ಸುಮ್ಮನೆ ಕೂತರು. ಕೊನೆಗೆ ತಹಮಿನಾಳೇ ಮೆಲ್ಲಗೆ ಕೇಳಿದಳು:

“ತಪ್ಪಾದ್ರೆ ಬೆಂಚ್ ಮೇಲೆ ನಿಲ್ಲಿಸ್ತೀರಾ ಸಾರ್?”

ಮಾಸ್ತರರು ಸೀಮೆಸುಣ್ಣ ನನ್ನ ಕೈಗಿತ್ತು ಹೊರಗೆ ಹೋದರು.

ಪರೀಕ್ಷೆ ಹತ್ತಿರವಿತ್ತು. ಮಕ್ಕಳ ಅಪ್ಪಂದಿರು ಬಂದು ತಕರಾರು ಮಾಡಿದ ಮೇಲೆ ಡಾಕ್ಟರ ಪ್ರಬಂಧವನ್ನೇ ಮತ್ತೆ ಬರೆಸಿದ್ದಾಯಿತು. ಮಾಸ್ತರರು ತಲೆ ತಗ್ಗಿಸಿಕೊಂಡೇ ಓದಿ ಹೇಳಿದರು.

ಕಾಲಿನ ಪಟ್ಟಿ ಬಿಚ್ಚುತ್ತೇನೆ, ಬನ್ನಿ ಎಂದು ಲುತ್ಫರ್ ಹೇಳಿ ಕಳಿಸಿದ. ಮಾಸ್ತರರು ಹೋಗಲಿಲ್ಲ. ಅವನಿಗೆ ಮುಖ ತೋರಿಸಲಾಗದೆ, ದಿನವಿಡೀ ಲಾಂಚಿನಲ್ಲಿ ಕೂತು ದೂರದ ಬರಿಶಾಲ್ ಪಟ್ಟಣದ ಆಸ್ಪತ್ರೆಗೆ ಹೋಗಿ ಬಿಚ್ಚಿಸಿಕೊಂಡು ಬಂದರು.