ದೊಡ್ಡ ಮನೆಯ ಚರಿಗೆ

ಅಕ್ಕನ ಬಲ ಅಂಗೈ ನಡುವೆ, ಸುಟ್ಟ ಗಾಯ ಮಾಯ್ದು ಉಳಿದ ಒಂದು ಕುಳಿ ಇತ್ತು. ಗುಟುಕು ನೀರು ಅದರಲ್ಲಿ ಚೆಲ್ಲದೆ ನಿಲ್ಲುತ್ತಿತ್ತು. ಹಾನಗಲ್ ತಾಲೂಕಿನ ಆಡೂರು ಕಡೆಯ ನಮ್ಮೂರಿಗೆ ಆಕೆ ಆಶಾ ಕಾರ್ಯಕರ್ತೆ. ನಮ್ಮ ಕೆಳಗಿನ ಓಣಿಯವಳು, ಓಣಿಗೆಲ್ಲ ಅಕ್ಕ. ಕೂಸಿಗೆ ಭೇದಿ ಹತ್ತಿದ ಮನೆಗೆ ಹೋದರೆ ಸಕ್ಕರೆ ಉಪ್ಪಿನ ನೀರು ಕಲಸಿ, ಮೊದಲು ಆ ಕುಳಿಗೆ ಹನಿಸಿಕೊಂಡು ತಾನೇ ರುಚಿ ನೋಡುವಳು. "ಕಣ್ಣೀರಿಗಿಂತ ಉಪ್ಪಾಗಬಾರದವ್ವಾ. ಹೆಚ್ಚಾದ್ರ ಕೂಸಿಗೆ ವಿಷ" ಎಂದು ತಾಯಂದಿರಿಗೂ ನೆಕ್ಕಿಸುವಳು. ಅಪ್ಪಂದಿರನ್ನೂ ಬಿಡುತ್ತಿರಲಿಲ್ಲ: "ಬಾರಪಾ, ಹಡಿಯೋದಂತೂ ನಿನ್ನ ಕೈಲಿ ಆಗಲಿಲ್ಲ, ನೆಕ್ಕೋದನ್ನಾದ್ರೂ ಕಲಿ."

ಮೇಲಿನ ಓಣಿಯ ದೊಡ್ಡ ಮನೆಯ ಮೊಮ್ಮಗನಿಗೆ ಭೇದಿ ಹತ್ತಿದಾಗ ನಾನೇ ಅಕ್ಕನನ್ನು ಸ್ಕೂಟಿ ಮೇಲೆ ಕರೆದೊಯ್ದೆ. ಆಗಷ್ಟೇ ಬಿ.ಎ. ಮುಗಿಸಿದ್ದೆ, ನಮ್ಮ ಮನೆತನಕ್ಕೇ ಮೊದಲ ಡಿಗ್ರಿ. ಅಪ್ಪ ಅವ್ವ ಕಂಡವರ ಗದ್ದೆಯಲ್ಲಿ ದುಡಿದು ಓದಿಸಿದ್ದು. ಡಿಗ್ರಿ ಇದ್ದರೇನು, ನಮ್ಮಿಬ್ಬರನ್ನೂ ಹಿತ್ತಲ ಬಾಗಿಲಿಗೇ ನಿಲ್ಲಿಸಿದರು. ಅಲ್ಲಿಗೇ ಎತ್ತಿ ತಂದ ಕೂಸಿನ ಕಣ್ಣು ಒಳಗೆ ಹೋಗಿದ್ದವು, ಅಳಲಿಕ್ಕೂ ತ್ರಾಣವಿರಲಿಲ್ಲ. ಅಕ್ಕ ಆಂಬುಲೆನ್ಸಿಗೆ ಫೋನ್ ಹಚ್ಚಿಸಿದಳು. ಚೀಲದಲ್ಲಿ ಓಆರ್‌ಎಸ್ ಪಾಕೀಟು ತೀರಿದ್ದವು. ಕೂಸಿನ ತಾಯಿ, ಆ ಮನೆಯ ಸೊಸೆ, ಗಾಬರಿಯಲ್ಲಿ ಮನೆಯವರು ನೀರು ಕುಡಿಯುವ ಹಿತ್ತಾಳೆ ಚರಿಗೆಯನ್ನೇ ತಂದುಕೊಟ್ಟಳು. ಅಕ್ಕ ನೀರು ಕಲಸಿ, ರೂಢಿಯಂತೆ ಅಂಗೈಗೆ ಹನಿಸಿಕೊಂಡು ನೆಕ್ಕಿದಳು.

"ಏ, ಎಂಜಲ ಮಾಡಿದಿಯಲ್ಲಾ! ನಿಮ್ಮ ಓಣಿ ಅಂತ ತಿಳಕೊಂಡಿ ಏನ?" ಸೊಸೆಯ ಅತ್ತೆ, ಕೂಸಿನ ಅಜ್ಜಿ, ಚರಿಗೆ ಕಸಿದು ನೀರನ್ನೆಲ್ಲ ಹಿತ್ತಲಿಗೆ ಸುರಿದಳು. ಬಾಯಿ ಒಣಗಿದ ಮೊಮ್ಮಗನ ಕಣ್ಣೆದುರೇ. ಹೇಸಿಗೆಯಾಗಿ ನಾನು ಸ್ಕೂಟಿ ಕೀಲಿ ತೆಗೆದೆ.

"ಏಳಕ್ಕಾ, ಹೋಗೂಣು" ಎಂದೆ.

ಅಕ್ಕ ಏಳಲಿಲ್ಲ. "ನೀವ ಕಲಸ್ರಿ ಅವ್ವಾರ."

ಅತ್ತೆ ಬೇರೊಂದು ಲೋಟದ ನೀರಿಗೆ ಮುಷ್ಟಿ ತುಂಬ ಉಪ್ಪು ಸುರಿದು ಕಲಸಿದಳು. ಅಕ್ಕ ರುಚಿ ನೋಡ್ರಿ ಅಂದರೆ, "ನನಗ ಕಲಿಸ್ತಿ?" ಎಂದು ಚಮಚ ಎತ್ತಿದಳು. ಅಕ್ಕ ಕೂಸಿನ ಬಾಯಿಗೆ ತನ್ನ ಕೈ ಅಡ್ಡ ಹಿಡಿದಳು. ಆ ಕೈ ತಾಗೀತೆಂದು ಅತ್ತೆ ಹಾವು ಕಂಡವರಂತೆ ಹಿಂದೆ ಸರಿದಳು.

ಅಷ್ಟರಲ್ಲಿ ಸೊಸೆ ಚರಿಗೆ ತೊಳೆದು ಬೇರೆ ನೀರು ಕಲಸಿದ್ದಳು. ಅತ್ತೆಯ ಎದುರೇ ಅಕ್ಕನ ಅಂಗೈ ಕುಳಿಗೆ ಹನಿಸಿ, "ನೋಡಿ ಹೇಳ್ರಿ ಅಕ್ಕಾರ" ಎಂದಳು. ಅಕ್ಕ ನೆಕ್ಕಿ ತಲೆಯಾಡಿಸಿದಳು. ಗಾಡಿ ಬರುವತನಕ ಸೊಸೆ ಚಮಚ ಚಮಚ ಕುಡಿಸಿದಳು. ಕೂಸು ಬದುಕಿತು.

ಮರುದಿನ ಅದೇ ಚರಿಗೆ ಅವರ ಮನೆಯ ತಿಪ್ಪೆ ಮೇಲೆ ಬಿದ್ದಿತ್ತು. ನಾನು ಥೂ ಎಂದು ಉಗುಳಿದೆ. ಅಕ್ಕ ಬಗ್ಗಿ ಎತ್ತಿಕೊಂಡಳು. "ನೀ ಉಗುಳ್ತಾ ನಿಂದ್ರು, ನಾ ಚರಿಗಿ ಒಯ್ತೇನಿ. ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಬಂಗಾರ ನೋಡು." ಆಮೇಲೆ ನಮ್ಮ ಓಣಿಯ ಯಾವ ಕೂಸಿಗೆ ಭೇದಿಯಾದರೂ ಅದರಲ್ಲೇ ನೀರು.

ಹೋದ ವರ್ಷ ಅಕ್ಕ ತೀರಿಕೊಂಡಳು. ಮಣ್ಣಿಗೆ ಆ ಅತ್ತೆಯೂ ಬಂದಿದ್ದಳು. ಓಣಿಯ ಬಾಯಲ್ಲೇ ನಿಂತು, ಸೆರಗು ಮೂಗಿಗೆ ಹಿಡಿದು, "ದೇವರಂಥಾಕಿ" ಎಂದಳು. ಒಳಗೆ ಕಾಲಿಡಲಿಲ್ಲ. ಸೊಸೆ ಮಾತ್ರ ಮಗನ ಕೈ ಹಿಡಿದು ಒಳಗೆ ಬಂದಳು. ಅಂದು ಅತ್ತೆ ನೀರು ಸುರಿದಾಗಿನ ಹೇಸಿಗೆ ನನ್ನನ್ನು ಇನ್ನೂ ಬಿಟ್ಟಿಲ್ಲ, ಬಿಡುವುದೂ ಬೇಡ.

ಚರಿಗೆ ಈಗ ನಮ್ಮ ಮನೆಯಲ್ಲಿದೆ. ಮೊನ್ನೆ ನನ್ನ ಮಗಳಿಗೆ ಭೇದಿ ಹತ್ತಿದಾಗ ಅದರಲ್ಲೇ ಕಲಸಿದೆ. ನನ್ನ ಅಂಗೈ ಸಪಾಟು, ನೀರು ನಿಲ್ಲದೆ ಮುಂಗೈಗೆ ಹರಿಯಿತು. ಅಲ್ಲಿಂದಲೇ ನೆಕ್ಕಿದೆ. ಕಣ್ಣೀರಿಗಿಂತ ಉಪ್ಪಿರಲಿಲ್ಲ.