ಕೂಲಿಂಗ್ ಗ್ಲಾಸಿನ ಗ್ರಹಣ

ನಮ್ಮ ಕಡೆ ಆಗ ದುಬೈಯಿಂದ ಬಂದದ್ದಕ್ಕೆಲ್ಲ ಒಂದು ಮರ್ಯಾದೆ ಇತ್ತು. ಸೆಂಟು, ಟೇಪ್ ರೆಕಾರ್ಡರು, ಹುಲಿಯ ಚಿತ್ರದ ಕಂಬಳಿ, ಇವುಗಳಲ್ಲಿ ಕೆಟ್ಟದ್ದೊಂದು ಇರಬಹುದೆಂದು ಯಾರಿಗೂ ಅನಿಸುತ್ತಿರಲಿಲ್ಲ. ಕಾಪುವಿನ ನಮ್ಮ ಮನೆಗೆ ಅವನ್ನೆಲ್ಲ ತರುತ್ತಿದ್ದವರು ಮಾವ, ಅಂದರೆ ಅಮ್ಮನ ಅಣ್ಣ. ನಮ್ಮದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ನಡೆಯುವ ಮನೆ. ಅಪ್ಪನ ಮಾತಿಗಿಂತ ಮಾವನ ಮಾತಿಗೇ ತೂಕ ಹೆಚ್ಚು. "ಮಾವ ಹೇಳಿದ್ದಾರೆ" ಎಂದರೆ ಮುಗಿಯಿತು, ಮತ್ತೆ ಯಾರೂ ತುಟಿ ಬಿಚ್ಚುವಂತಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎಂಬತ್ತರ ಇಸವಿಯ ಸೂರ್ಯಗ್ರಹಣ ಬಂದದ್ದು ಗೇರುಬೀಜದ ಆಟ ಶುರುವಾಗುವ ಹೊತ್ತಿಗೆ. ಹಿತ್ತಲಿಡೀ ಗೇರುಹೂವಿನ ಪರಿಮಳ. ಮೊದಲು ಉದುರಿದ ಬೀಜಗಳನ್ನು ಮಣ್ಣಿನಲ್ಲಿ ಸಾಲಾಗಿ ನಿಲ್ಲಿಸಿ, ದೂರದಿಂದ ಒಂದು ದಪ್ಪ ಬೀಜ ಎಸೆದು ಉರುಳಿಸಬೇಕು. ನನ್ನ ಅಕ್ಕ ಸುಮತಿ ಹೊಡೆದರೆ ತಪ್ಪುತ್ತಿರಲಿಲ್ಲ. ಗೆದ್ದ ಬೀಜ ಲಂಗದಲ್ಲಿ ತುಂಬಿಕೊಂಡು, ಸೊನೆ ತಾಗಿ ಸುಟ್ಟ ಬೆರಳುಗಳನ್ನು ತೋರಿಸುತ್ತಾ, "ನಾಳೆ ನಿಮಗೆ ಸಾಲ ಕೊಡ್ತೇನೆ, ಬನ್ನಿ" ಎಂದು ಗಂಡು ಹುಡುಗರನ್ನು ಕೆಣಕುವವಳು.

ಗ್ರಹಣದ ಹಿಂದಿನ ದಿನ ಶಾಲೆಯಲ್ಲಿ ಮಾಸ್ಟ್ರು ರಟ್ಟಿಗೆ ಒಂದು ಸಣ್ಣ ತೂತು ಮಾಡಿ ತೋರಿಸಿದ್ದರು. ಸೂರ್ಯನಿಗೆ ಬೆನ್ನು ಹಾಕಿ ನಿಂತು, ತೂತಿನಿಂದ ಕಾಗದದ ಮೇಲೆ ಬೀಳುವ ಬೆಳಕಿನ ಬಿಲ್ಲೆಯನ್ನು ನೋಡಿದರೆ ಸಾಕು, ಅದರಲ್ಲೇ ಗ್ರಹಣ ಕಾಣುತ್ತದೆ ಎಂದಿದ್ದರು. ಅಕ್ಕ ಮನೆಗೆ ಬಂದವಳೇ ಸೋಪಿನ ಪೆಟ್ಟಿಗೆಯ ರಟ್ಟು ಕತ್ತರಿಸಿ ತಯಾರು ಮಾಡಿಟ್ಟಳು.

ಮರುದಿನ ಅಜ್ಜಿ ಬೆಳಗ್ಗೆಯೇ ನೀರಿನ ಹಂಡೆಗೆ ತುಳಸಿ ಹಾಕಿ, ಗಂಜಿಯನ್ನು ದನಕ್ಕೆ ಸುರಿದು, ಬಾಗಿಲು ಮುಚ್ಚಿ ಕೂತರು. ಮಧ್ಯಾಹ್ನ ರಸ್ತೆ ಬಿಕೋ ಎನ್ನುತ್ತಿತ್ತು. ರಜೆಗೆ ಊರಿಗೆ ಬಂದಿದ್ದ ಮಾವ ನಕ್ಕರು. "ಎಂತ ಅಮ್ಮ ನೀವು, ಯಾವ ಕಾಲದಲ್ಲಿದ್ದೀರಿ? ಮಕ್ಕಳು ನೋಡಲಿ." ಅಕ್ಕನ ರಟ್ಟನ್ನು ಕಂಡು ಇನ್ನೂ ಜೋರಾಗಿ ನಕ್ಕರು. "ಇದೆಂತ ಮಾರಾಯ್ತಿ, ಗ್ರಹಣಕ್ಕೆ ಬೆನ್ನು ಹಾಕಿ ನಿಲ್ಲುವುದಾ? ಇದು ಉಂಟಲ್ಲ!"

ತಮ್ಮ ಹೊಸ ಕಪ್ಪು ಕನ್ನಡಕವನ್ನು ಅವಳ ಮೂಗಿನ ಮೇಲೆ ಇಟ್ಟರು.

"ಮಾಸ್ಟ್ರು ಬೇಡ ಅಂದಿದ್ದಾರೆ, ಮಾವ."

"ನಿನ್ನ ಮಾಸ್ಟ್ರು ದುಬೈ ನೋಡಿದ್ದಾರಾ? ಇದಕ್ಕೆ ಕೂಲಿಂಗ್ ಗ್ಲಾಸ್ ಅಂತ ಹೆಸರು ಸುಮ್ಮನೆ ಇಟ್ಟದ್ದಾ? ಕಣ್ಣಿಗೆ ತಂಪು. ಎಂತ ಆಗುವುದಿಲ್ಲ."

ಆ ಒಂದು ಹೆಸರನ್ನು ನಂಬಿ ಅವಳನ್ನು ಕಡಲ ದಂಡೆಗೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಓಡಿದೆ. ಮರಳಿನ ಮೇಲೆ ಬಿಸಿಲು ಹಳೆಯ ಹಿತ್ತಾಳೆಯಂತೆ ಮಂಕಾಯಿತು, ಕಾಗೆಗಳು ಗೂಡಿಗೆ ಹೊರಟವು. ಮಾವ ಒಮ್ಮೆ ಕನ್ನಡಕ ಹಾಕಿ ಚೂರು ನೋಡಿ, "ಫಸ್ಟ್ ಕ್ಲಾಸ್" ಎಂದು ಮತ್ತೆ ಅವಳಿಗೇ ಕೊಟ್ಟರು. ಉಳಿದ ಹೊತ್ತೆಲ್ಲ ನೋಡಿದವಳು ಅವಳು. ನಾನು ಕೇಳಿದರೂ ಕೊಡಲಿಲ್ಲ. ಕನ್ನಡಕವನ್ನು ಒಮ್ಮೆಯೂ ಜಾರಿಸಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಹಾಕಿ ಹೇಳುತ್ತೇನೆ.

ಸಂಜೆ ಎಲ್ಲರೂ ತಲೆಗೆ ಸ್ನಾನ ಮಾಡಿ ಅಕ್ಕಿಯ ಪುಂಡಿ, ಬಂಗುಡೆ ಮೀನಿನ ಸಾರು ಉಂಡೆವು. ಬೆಳಗ್ಗೆ ಎದ್ದಾಗ ಅಕ್ಕ, "ಅಮ್ಮ, ನಿಮ್ಮ ಮುಖದ ಮೇಲೆ ಮಸಿ ಉಂಟು" ಎಂದಳು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಮಸಿ ಹೋಗಲಿಲ್ಲ. ಅದು ಇದ್ದದ್ದು ಅಕ್ಕನ ಕಣ್ಣುಗಳ ಒಳಗೆ, ನೋಟದ ನಟ್ಟನಡುವೆ.

ಮಣಿಪಾಲಕ್ಕೆ ಕರೆದುಕೊಂಡು ಹೋದರು. ಡಾಕ್ಟ್ರು ತುಂಬಾ ಹೊತ್ತು ಪರೀಕ್ಷಿಸಿ ಮೃದುವಾಗಿ ಕೇಳಿದರು: "ಎಂತದರಲ್ಲಿ ನೋಡಿದ್ದು ಮಗಾ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಮಾವ ಹೇಳಿಬಿಟ್ಟರು: "ಬರಿಗಣ್ಣಲ್ಲಿ, ಡಾಕ್ಟ್ರೇ. ಎಷ್ಟು ಹೇಳಿದರೂ ಕೇಳಲಿಲ್ಲ ಇವಳು."

ಕೂಲಿಂಗ್ ಗ್ಲಾಸ್ ಆಗ ಅವರ ಅಂಗಿಯ ಕಿಸೆಯಲ್ಲೇ ಇತ್ತು!

ವಾಪಸು ಬರುವಾಗ ಬಸ್ಸಿನಲ್ಲಿ ನಾನು, "ಅಕ್ಕ ಕನ್ನಡಕ ತೆಗೆಯಲೇ ಇಲ್ಲವಲ್ಲ, ಮಾವ" ಎಂದೆ. ಅಮ್ಮ ನನ್ನ ತೊಡೆ ಚಿವುಟಿದರು. "ದೊಡ್ಡವರ ಎಡೆಯಲ್ಲಿ ನಿಂದೆಂತ?" ಅಜ್ಜಿಗೆ ಅದು ಗ್ರಹಣ ನೋಡಿದ ದೋಷವಾಯಿತು, ನೆಂಟರಿಗೆ ಹೇಳಿದ ಮಾತು ಕೇಳದ ಹುಡುಗಿಯ ಕಥೆಯಾಯಿತು. ಅಂಚಿನ ನೋಟವಷ್ಟೇ ಉಳಿದು ನೇರ ನೋಟ ಹೋದದ್ದು ಸಾಲದೆಂದು ಗಾಯದ ಮೇಲೆ ಬರೆ. ಕೊನೆಗೆ ಅಕ್ಕನೂ "ನಾನು ತೆಗೆಯಲಿಲ್ಲ" ಎನ್ನುವುದನ್ನು ನಿಲ್ಲಿಸಿದಳು. ಆ ವರ್ಷ ಗೇರುಬೀಜದ ಸಾಲಿನ ಎದುರು ಒಮ್ಮೆ ನಿಂತು ಎಸೆದಳು. ಬೀಜ ಎಲ್ಲೋ ಹೋಗಿ ಬಿತ್ತು. ಹುಡುಗರು ನಗಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಯಿತೆಂದು ಕಾಣುತ್ತದೆ, ಮತ್ತೆ ಆಟಕ್ಕೆ ಬರಲಿಲ್ಲ.

ಕಪ್ಪು ಗಾಜು ಸೂರ್ಯನನ್ನು ಮಂಕು ಮಾಡುತ್ತದೆ, ಅಷ್ಟೇ. ಮಂಕಾಯಿತೆಂದು ಕಣ್ಣಿನ ಪಾಪೆ ಇನ್ನೂ ದೊಡ್ಡದಾಗಿ ತೆರೆದುಕೊಳ್ಳುತ್ತದೆ, ಸುಡುವ ಕಿರಣ ಆರಾಮವಾಗಿ ಒಳಗೆ ಹೋಗುತ್ತದೆ. ಒಳಗಿನ ಪರದೆಗೆ ನೋವು ತಿಳಿಯುವುದಿಲ್ಲವಾದ್ದರಿಂದ ಸುಟ್ಟದ್ದೂ ಗೊತ್ತಾಗುವುದಿಲ್ಲ. ಬರಿಗಣ್ಣಾಗಿದ್ದರೆ ಅವಳು ಕ್ಷಣದಲ್ಲಿ ಮುಖ ತಿರುಗಿಸುತ್ತಿದ್ದಳು. ಇದನ್ನು ನಾನು ತಿಳಿದದ್ದು ಕಾಲೇಜಿನಲ್ಲಿ ಓದುವಾಗ.

ಕೆಲವು ವರ್ಷಗಳ ಹಿಂದೆ ಅಕ್ಕನ ಮಗ ಉಡುಪಿಯ ಅಂಗಡಿಯಿಂದ ಒಂದು ಹಸಿರು ಲೇಸರ್ ತಂದ. ಪರ್ಕಳದ ಅವರ ಬಾಡಿಗೆ ಮನೆಯ ಗೋಡೆಯ ಮೇಲೆ ಚುಕ್ಕೆ ಕುಣಿಸುತ್ತಾ, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿಕೊಂಡಿದ್ದ. ಅಕ್ಕ ಎರಡನ್ನೂ ಕಿತ್ತುಕೊಂಡಳು. ಅವಳ ಸ್ವರ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ.

"ಮಂಕು ಮಾಡುವುದಾದರೆ ಬೆಳಕು ಹೊರಡುವ ಬಾಯಿಗೇ ಸರಿಯಾದ ಫಿಲ್ಟರ್ ಹಾಕು. ಗೊತ್ತಿದ್ದವರ ಹತ್ತಿರ ಕೇಳಿ ಹಾಕು. ಕಣ್ಣಿನ ಹತ್ತಿರ ಬಂದ ಮೇಲೆ ಎಂತ ತಡೆಯುವುದು?"

ಮಾವ ತೀರಿಹೋಗಿ ಬಹಳ ಕಾಲವಾಯಿತು. ಕೊನೆಯವರೆಗೂ ಅವರು ನಿಜ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಸತ್ತವರ ಮೇಲೆ ಎಂತ ಸಿಟ್ಟು ಎನ್ನುತ್ತಾರೆ. ನನಗೆ ಉಂಟು. ನಾನು ಎದುರು ಕೂತರೆ ಅಕ್ಕ ಈಗಲೂ ನನ್ನ ಕಿವಿಯ ಆಚೆಗೆಲ್ಲೋ ನೋಡುತ್ತಾ ಮಾತನಾಡುತ್ತಾಳೆ. ತಿಳಿಯದವರು ಇವಳಿಗೆ ಎಷ್ಟು ಸೊಕ್ಕು ಎಂದುಕೊಳ್ಳುತ್ತಾರೆ. ನನ್ನನ್ನು ನೇರವಾಗಿ ನೋಡಿದರೆ, ಪಾಪ, ಅವಳಿಗೆ ನಾನು ಕಾಣುವುದಿಲ್ಲ.