ಹಸೀನಾಳ ಬುತ್ತಿ ಡಬ್ಬಿ

ಯಾರಿಗಾದರೂ ದೆವ್ವ ಕಂಡಿತೆಂದು ಸುದ್ದಿ ಬಂದರೆ, ಮೊದಲು ಅವರ ಹೊಟ್ಟೆ ವಿಚಾರಿಸಿ, ಅಜೀರ್ಣವಾಗಿರುತ್ತದೆ ಎಂದು ನಗುತ್ತಿದ್ದವಳು ನಾನು. ಈಗಲೂ ನನ್ನ ಸ್ವಭಾವ ಬಹಳ ಬದಲಾಗಿಲ್ಲ. ತಾಯಿತ ಕಟ್ಟಿಸಿಕೊಂಡವಳಲ್ಲ, ನಿಂಬೆಹಣ್ಣು ಮಂತ್ರಿಸಿ ತಂದವಳಲ್ಲ. ಆದರೆ ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಂದು ಹಿತ್ತಾಳೆ ಡಬ್ಬಿ ಇದೆ. ಅದು ಹೇಗೆ ಬಂತೆಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ.

ಹಸೀನಾ ನನ್ನ ಗೆಳತಿ. ಭಾಲ್ಕಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ತಂದೆ ತಾಯಿ ಇಲ್ಲದ ಅವಳನ್ನು ಸಾಕಿದವರು ಚಿಕ್ಕಪ್ಪ. ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ ಅವರದು. ನಾನೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ಬೇಸಿಗೆಯಲ್ಲಿ ನಮ್ಮ ಹಿತ್ತಲ ಹುಣಸೆಮರ ಚಿಗುರಿತೆಂದರೆ ನಮಗೆ ಹಬ್ಬ. ಎಳೆ ಚಿಗುರು ಕಿತ್ತು, ಬೆಲ್ಲ, ಹಸಿಮೆಣಸಿನಕಾಯಿ ಸೇರಿಸಿ ಕಲ್ಲ ಮೇಲೆ ಜಜ್ಜಿ ಕದ್ದು ತಿನ್ನುತ್ತಿದ್ದೆವು. ಅದಕ್ಕೆ ಹುರಿದ ಅಗಸೆ ಪುಡಿ ಬೆರೆಸುವುದು ಅವಳೊಬ್ಬಳ ಹುಚ್ಚು. ಬೇರೆ ಯಾರೂ ಅದನ್ನು ಬಾಯಿಗೆ ಹಾಕುವಂತಿರಲಿಲ್ಲ. ಬಸುರಿ ಹೆಂಗಸಿಗೆ ಬೇಕಾದವರು ಬಯಕೆಯ ಬುತ್ತಿ ಒಯ್ಯುವುದು ನಮ್ಮ ಕಡೆಯ ಪದ್ಧತಿ.

"ನಿನ್ನ ಬಯಕಿ ಬುತ್ತಿ ನಾನೇ ತರ್ತೇನಿ, ಇದನ್ನೇ ತರ್ತೇನಿ ನೋಡು," ಎಂದು ಹಸೀನಾ ಆಗಲೇ ಹೇಳಿಟ್ಟಿದ್ದಳು. ನಾಚಿಕೆಗೇಡಿ ಎಂದು ನಾನು ಅವಳ ಜಡೆ ಎಳೆದಿದ್ದೆ.

ಅವಳನ್ನು ಔರಾದಿಗೆ ಕೊಟ್ಟರು. ಮರುವರ್ಷವೇ ಹೈದರಾಬಾದು ಸಂಸ್ಥಾನದ ಮೇಲೆ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು. ಮೊದಲು ರಜಾಕಾರರಿಗೆ ಹೆದರಿ ನಾವು ಮನೆ ಬಿಟ್ಟು ಓಡಿದ್ದೆವು. ಆಮೇಲೆ ಹೆದರುವ ಸರದಿ ಹಸೀನಾಳ ಜನರದಾಯಿತು. ಎಲ್ಲ ತಣ್ಣಗಾದ ಮೇಲೆ, ಹಸೀನಾ ಗಂಡನ ಮನೆಯವರ ಜೊತೆ ಹೈದರಾಬಾದು ಸೇರಿದ್ದಾಳೆ ಎಂಬ ಸುದ್ದಿ ಬಂತು. ಚಾಚಾನನ್ನು ಕೇಳಿದರೆ, "ಹೌದವ್ವಾ, ಅಲ್ಲೇ ಅದಾಳ," ಎಂದಷ್ಟೇ ಹೇಳಿ ಬೆಂಕಿಯ ಕಡೆ ತಿರುಗುತ್ತಿದ್ದರು. ನಾನು ನಂಬಿದೆ.

ಕೆಲವು ವರ್ಷಗಳ ಮೇಲೆ ನಾನು ಬೀದರಿನ ಚಿದ್ರಿಗೆ ಸೊಸೆಯಾಗಿ ಬಂದೆ. ಬಸುರಾದಾಗ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದು. ಮೈ ಕಡ್ಡಿಯಾಯಿತು. ಅತ್ತೆ ದಿನಕ್ಕೊಂದು ಮಾಡಿಕೊಟ್ಟು ಸೋತರು, ಕೂಸು ಉಳಿಯುವುದೇ ಎಂದು ಒಳಗೊಳಗೇ ಅಳುತ್ತಿದ್ದರು. ಸಂಕ್ರಾಂತಿ ಹತ್ತಿರದ ಒಂದು ಮಧ್ಯಾಹ್ನ ಮಲಗಿದ್ದ ನನ್ನನ್ನು ಎಬ್ಬಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಡಬ್ಬಿಯೊಂದನ್ನು ಮುಂದಿಟ್ಟರು.

"ನಿನ್ನ ವಾರಗಿ, ನಿನ್ನಷ್ಟ ವಯಸ್ಸಿನ ಹುಡುಗಿ, ಹಸೀನಾ ಅಂತ. ಬಯಕಿ ಬುತ್ತಿ ತಂದೇನ್ರಿ ಅಂದ್ಲು. ಒಳಗ ಬಾ ಅಂದ್ರ ಒಲ್ಲೆ ಅಂದ್ಲು. ನಾ ನೀರು ತರೂದ್ರಾಗ ಹೋಗೇಬಿಟ್ಟಾಳ. ಎಡಗೈಲೆ ಕೊಟ್ಲು ನೋಡವ್ವಾ, ಅದೊಂದು ನನಗ ಸೇರಲಿಲ್ಲ."

ಹಸೀನಾ ಎಡಚಿ. ನಾನು ಎದ್ದೆನೋ ಬಿದ್ದೆನೋ ಎಂದು ಬಾಗಿಲಿಗೆ ಹೋದೆ. ಓಣಿಯಲ್ಲಿ ಯಾರೂ ಇರಲಿಲ್ಲ. ಡಬ್ಬಿ ತೆರೆದರೆ ಹುಣಸೆ ಚಿಗುರು, ಬೆಲ್ಲ, ಅಗಸೆಯ ಘಮ. ಬೆರಳು ನೆಕ್ಕುತ್ತಾ ಪೂರ್ತಿ ತಿಂದೆ. ಬಸುರಾದ ಮೇಲೆ ಹೊಟ್ಟೆಯಲ್ಲಿ ನಿಂತ ಮೊದಲ ತುತ್ತು ಅದು. ಅವಳು ಚೆನ್ನಾಗಿದ್ದಾಳೆ, ನನ್ನನ್ನು ಮರೆತಿಲ್ಲ ಎಂದು ಅತ್ತೆಯ ಎದುರೇ ಅತ್ತುಬಿಟ್ಟೆ. ಹೈದರಾಬಾದಿನಿಂದ ಭಾಲ್ಕಿಗೆ ಹೊರಟವಳು ದಾರಿಯಲ್ಲಿ ಇಳಿದಿರಬೇಕು, ಮುಖ ತೋರಿಸದೆ ಹೋದಳಲ್ಲ ಎಂದು ಬೈದುಕೊಂಡೆ ಕೂಡ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಬುತ್ತಿ ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದು. ತೊಳೆದು ಸಕ್ಕರೆ ತುಂಬಿ, ಮರುದಿನವೇ ಗಂಡನೊಡನೆ ಭಾಲ್ಕಿಯ ರೈಲು ಹತ್ತಿದೆ. ಕಿಟಕಿಯಾಚೆ ಹುಣಸೆಮರಗಳ ತುಂಬ ಕಾಯಿ ಜೋತಾಡುತ್ತಿದ್ದವು. ಚಿಗುರಲು ಇನ್ನೂ ಬೇಸಿಗೆ ಬರಬೇಕು. ನಿನ್ನೆ ತಿಂದ ಚಿಗುರು ನೆನಪಾಗಿ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡೆ.

ಚಾಚಾ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಅಂಚಿನ ಸುತ್ತ ಹೆಬ್ಬೆರಳಾಡಿಸಿದರು.

"ಇದು ಆಕಿ ಮದಿವ್ಯಾಗ ನಾನೇ ಕಲಾಯಿ ಹಾಕಿ ಕೊಟ್ಟದ್ದು. ನಿನಗ ಎಲ್ಲಿ ಸಿಕ್ತು?"

ನಡೆದದ್ದನ್ನೆಲ್ಲ ಹೇಳಿದೆ. ಅವರು ಡಬ್ಬಿಯನ್ನು ಕೆಳಗಿಟ್ಟರು.

"ಬೇಟಿ, ಹೈದರಾಬಾದಿಗಿ ಯಾರೂ ಹೋಗಿಲ್ಲ. ಆ ಗಲಾಟ್ಯಾಗ ಔರಾದ ಬಾವ್ಯಾಗಿಂದ ಆಕಿನ್ನ ತೆಗದಾವ ನಾ. ಈ ಕೈಲೇ ಮಣ್ಣು ಕೊಟ್ಟೇನಿ. ನಿನಗ ಹ್ಯಾಂಗ ಹೇಳಲಿ?"

ಅವಳು ಹೋಗಿ ವರ್ಷಗಳೇ ಆಗಿದ್ದವು. ನನ್ನ ಪಾಲಿಗೆ ಮಾತ್ರ ಹಸೀನಾ ಬಂದು ಹೋದ ಮರುದಿನ ಸತ್ತಳು. ಆ ಅಂಗಳದಲ್ಲೇ ಕುಳಿತು ಅತ್ತುಬಿಟ್ಟೆ. ಡಬ್ಬಿಯನ್ನು ಚಾಚಾ ಇಟ್ಟುಕೊಳ್ಳಲಿಲ್ಲ. "ಆಕಿ ನಿನಗ ಕೊಟ್ಟಾಳ," ಎಂದು ನನ್ನ ಉಡಿಯಲ್ಲಿಟ್ಟರು.

ನಾನು ಲೆಕ್ಕ ಹಾಕದ ದಾರಿಯಿಲ್ಲ. ಗಲಾಟೆಯಲ್ಲಿ ಡಬ್ಬಿ ಹೊತ್ತೊಯ್ದ ಯಾರೋ ಮನಸ್ಸು ಕರಗಿ ತಂದುಕೊಟ್ಟರೆ? ಇರಬಹುದು. ಆದರೆ ಆ ಚಟ್ನಿಯ ರುಚಿ ಅವರಿಗೆ ಹೇಳಿದವರಾರು? ಚಳಿಗಾಲದಲ್ಲಿ ಚಿಗುರು ಎಲ್ಲಿತ್ತು? ಅತ್ತೆ ಸುಳ್ಳು ಹೇಳುವವರಲ್ಲ. ಸಾಯುವ ತನಕ ಆ ಹುಡುಗಿಯ ಎಡಗೈಯನ್ನು ನೆನೆಯುತ್ತಿದ್ದರು. ಒದ್ದೆ ಬಟ್ಟೆಯ ವಿಚಾರವನ್ನು ನಾನು ಮಾಡುವುದಿಲ್ಲ. ಬುತ್ತಿ ಒಣಗದಿರಲೆಂದು ಯಾರಾದರೂ ಒದ್ದೆ ಬಟ್ಟೆ ಸುತ್ತುತ್ತಾರೆ.

ಕೂಸು ಉಳಿಯಿತು. ಹೆಣ್ಣು. ನಡೆಯಲು ಕಲಿತದ್ದೇ ಮಾಡದಲ್ಲಿನ ಡಬ್ಬಿಗೆ ಕೈ ಚಾಚತೊಡಗಿತು. ಇರುವೆ ಹತ್ತಿದಾಗಲೆಲ್ಲ ನಾನು ಹಳೆಯ ಸಕ್ಕರೆ ತೆಗೆದು ಹೊಸದು ತುಂಬುತ್ತೇನೆ. ಮನೆಯಲ್ಲಿ ಚಹಾಕ್ಕೆ ಸಕ್ಕರೆ ಇಲ್ಲದ ದಿನವೂ ಅದರೊಳಗಿಂದ ತೆಗೆದಿಲ್ಲ.

"ಅದು ಯಾರ ಡಬ್ಬಿ ಅವ್ವಾ?" ಎಂದು ಮಗಳು ಕೇಳುತ್ತಾಳೆ.

"ನಮ್ಮ ಗೆಳತಿದು. ಒಯ್ಯಾಕ ಬರ್ತಾಳ," ಎನ್ನುತ್ತೇನೆ.